ಸೆಲ್ಫ್ ಡಿಫೆನ್ಸ್ ಜೊತೆಗೆ ಮಾತಲ್ಲಿ ಜಗಳ ಇಳಿಸೋದನ್ನೂ ಕಲಿಸೋ ಗುರುಗಳು ಬೇಕು, ಹೇಗೆ ಹುಡುಕೋದು?

ತುಂಗಾತೀರ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಕಡೆ ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್‌ನಲ್ಲಿ ಕೆಲಸ ಮಾಡ್ತೀನಿ. ವಾರ ಬಿಟ್ಟು ವಾರ ನೈಟ್ ಶಿಫ್ಟ್. ರಾತ್ರಿ ಹೊತ್ತು ಆಕ್ಸಿಡೆಂಟ್ ಕೇಸ್ ಬಂದ್ರೆ ಗಾಯ ಆದವರು ಒಬ್ಬರು, ಜೊತೆಗೆ ಬಂದವರು ಹದಿನೈದು ಜನ. ಅವರ ಮನೆಯವರು ಒಳಗೆ ಸ್ಟ್ರೆಚರ್ ಮೇಲಿರುವಾಗ "ಅಡ್ವಾನ್ಸ್ ಕಟ್ಟಿ" ಅನ್ನೋ ಮಾತು ಬರಬೇಕಾದ್ದು ನನ್ನ ಬಾಯಿಂದ. ಡಾಕ್ಟರ್ ಮೇಲಿನ ಸಿಟ್ಟು, ದುಡ್ಡಿಲ್ಲದ ಸಂಕಟ, ಕೆಲವರಿಗೆ ಹೊಟ್ಟೆಯೊಳಗಿನ ಎಣ್ಣೆ, ಎಲ್ಲ ಸೇರಿ ನಮ್ಮ ಗಾಜಿನ ಕಿಂಡಿ ಮೇಲೆ ಬಂದು ಬೀಳತ್ತೆ.

ಹೋದ ತಿಂಗಳು ಆಸ್ಪತ್ರೆಯವರೇ ಸೆಲ್ಫ್ ಡಿಫೆನ್ಸ್ ವರ್ಕ್‌ಶಾಪ್ ಮಾಡಿಸಿದ್ರು. ಕೈ ಹಿಡಿದ್ರೆ ಬಿಡಿಸ್ಕೊಳ್ಳೋದು, ಕಣ್ಣಿಗೆ ಬೆರಳು, ಮೊಣಕಾಲಲ್ಲಿ ಒದೆ. ಕೊನೆಗೆ ಗ್ರೂಪ್ ಫೋಟೋ, ಸರ್ಟಿಫಿಕೇಟ್. ನಾನು ಒಂದೇ ಪ್ರಶ್ನೆ ಕೇಳಿದ್ದು: "ಸಾರ್, ಕೈ ಹಿಡಿಯೋಕೆ ಮುಂಚೆ ಹತ್ತು ನಿಮಿಷ ಕೂಗಾಡ್ತಾರಲ್ಲ, ಆವಾಗ ಏನು ಮಾಡ್ಬೇಕು?" ಉತ್ತರ ಬಂದಿದ್ದು "ಧೈರ್ಯವಾಗಿರಿ ಮೇಡಂ".

ಆ ಹತ್ತು ನಿಮಿಷಕ್ಕೆ ಏನಾದ್ರೂ ಕಲಿಸೋರು ಇದ್ದಾರಾ? ಒಳ್ಳೆ ಗುರು ಯಾರು, ಬರೀ ಫೋಟೋದವರು ಯಾರು ಅಂತ ಗುರುತು ಹಿಡಿಯೋದು ಹೇಗೆ?

ನಿರ್ವಾಹಕ

ಕ್ಲಾಸುಗಳ ಹೆಸರು, ಫೋನ್ ನಂಬರ್, ಫೀಸು ಹಾಕಬೇಡಿ, ಅಳಿಸ್ತೀವಿ. ಉಳಿದಂತೆ ಚರ್ಚೆ ನಡೀಲಿ.

ಸೀದಾಸಾದಾ

ನನ್ನ ಉತ್ತರ ಒಂದೇ ಪದ: ಓಡಿ. ಉಳಿದಿದ್ದೆಲ್ಲ ಬಿಸಿನೆಸ್.

ತುಂಗಾತೀರ

@ಸೀದಾಸಾದಾ ಕ್ಯಾಷ್ ಡ್ರಾಯರ್ ಬಿಟ್ಟು ಎಲ್ಲಿಗೆ ಓಡ್ಲಿ? ಬೆಳಗ್ಗೆ ಲೆಕ್ಕ ಕೊಡೋಳು ನಾನೇ.

ಗರಡಿಮನೆ · ಸೋಮವಾರ ಬೆಳಗ್ಗೆ

ತಂಗಿ, ನಾನು ಮೈಸೂರಿನ ಗರಡೀಲಿ ಮಣ್ಣು ಹೊತ್ತು ಬೆಳೆದೋನು. ಆಮೇಲೆ ಜೂಡೋ ಕಲಿತೆ. ಈಗ ಮಕ್ಕಳಿಗೂ ದೊಡ್ಡೋರಿಗೂ ಕಲಿಸ್ತೀನಿ. ಮೊದಲು ಮೈ ವಿಷಯ ಹೇಳ್ತೀನಿ, ಮಾತಿನ ವಿಷಯ ನನಗಿಂತ ಚೆನ್ನಾಗಿ ಗೊತ್ತಿರೋರು ಇಲ್ಲಿ ಇದ್ದಾರೆ.

ಸೇರೋಕೆ ಮುಂಚೆ ಯಾವ ಕ್ಲಾಸಿಗಾದ್ರೂ ಹೋಗಿ ಒಂದು ದಿನ ಬರೀ ಕೂತು ನೋಡು. ಗುರುವಿನ ಕೈಚಳಕ ನೋಡಬೇಡ, ಅವನ ಎದುರಿಗೆ ನಿಂತಿರೋ ಶಿಷ್ಯನ್ನ ನೋಡು. ಕೈ ಹಿಡಿದು ಗೊಂಬೆ ಥರ ನಿಂತಿದ್ದಾನಾ, ಅಥವಾ ಹಿಡಿದು ಎಳೀತಿದ್ದಾನಾ? ನಿಮಗೆ ಕಲಿಸಿದ ಮಣಿಕಟ್ಟು ಬಿಡಿಸೋ ಪಟ್ಟು ಸುಳ್ಳಲ್ಲ ಕಣಮ್ಮ. ಹೆಬ್ಬೆರಳು, ಉಳಿದ ಬೆರಳು ಸೇರೋ ಸಂದಿ ಕಡೆಗೆ ತಿರುಗಿಸಿ ಥಟ್ಟನೆ ಎಳೆದ್ರೆ ಹಿಡಿತ ಬಿಡುತ್ತೆ. ಆದ್ರೆ ನಿಜವಾಗಿ ಹಿಡಿದೋನು ಎಳೀತಾನೆ, ತಳ್ತಾನೆ, ಅವನ ಇನ್ನೊಂದು ಕೈ ಸುಮ್ಮನಿರಲ್ಲ. ಎದುರಾಳಿ ಒಪ್ಪದೆ ಇರುವಾಗ ಮಾಡಿ ನೋಡದ ಪಟ್ಟು ಬೇಕಾದ ಹೊತ್ತಿಗೆ ಕೈಗೆ ಬರಲ್ಲ. ಜಿಗೊರೊ ಕಾನೊ 1882ರಲ್ಲಿ ಜೂಡೋ ಶುರು ಮಾಡಿದಾಗ ಅಪಾಯದ ಪಟ್ಟುಗಳನ್ನ ದಿನದ ಅಭ್ಯಾಸದಿಂದ ತೆಗೆದು, ಉಳಿದಿದ್ದನ್ನ ಪೂರ್ತಿ ಜೋರಲ್ಲಿ ಒಬ್ಬರ ಮೇಲೊಬ್ಬರು ಮಾಡೋ ರಾಂಡೋರಿ ಇಟ್ಟ. ಕುಸ್ತೀಲಿ ಜೋಡಿ ಹಿಡಿಯೋದೂ ಅದೇ ತಾನೆ.

ಎರಡನೇದು, ಬೀಳೋದು. ಇದನ್ನ ಯಾವ ಎರಡು ದಿನದ ವರ್ಕ್‌ಶಾಪಲ್ಲೂ ಹೇಳ್ಕೊಡಲ್ಲ, ಫೋಟೋಕ್ಕೆ ಚೆನ್ನಾಗಿ ಕಾಣಲ್ಲ ನೋಡು. ಜಗಳದಲ್ಲಿ ಜೀವ ಹೋಗೋದು ಎಷ್ಟೋ ಸಲ ಏಟಿನಿಂದಲ್ಲ, ತಳ್ಳಿಸಿಕೊಂಡು ಹಿಂದಕ್ಕೆ ಬಿದ್ದು ತಲೆಯ ಹಿಂಭಾಗ ನೆಲಕ್ಕೆ ಬಡಿದು. ಗದ್ದ ಎದೆಗೆ ಒತ್ತಬೇಕು, ಬೆನ್ನು ದುಂಡಗೆ ಮಾಡಬೇಕು, ಅಂಗೈಯಿಂದ ಮೊಣಕೈವರೆಗೆ ಇಡೀ ತೋಳಲ್ಲಿ ನೆಲ ಬಡಿದು ಬೀಳಬೇಕು. ಕೈ ಊರಬಾರದು, ಊರಿದ್ರೆ ಮಣಿಕಟ್ಟು ಹೋಗುತ್ತೆ. ದಸರಾ ಕುಸ್ತೀಲಿ ದೇವರಾಜ ಅರಸು ಕ್ರೀಡಾಂಗಣದ ಮಟ್ಟಿ ಮೇಲೆ ಬಿದ್ದೋನು ಎದ್ದು ಮಣ್ಣು ಕೊಡವಿಕೊಂಡು ಹೋಗ್ತಾನೆ. ನಿಮ್ಮ ಆಸ್ಪತ್ರೆಯ ಗ್ರಾನೈಟ್ ನೆಲ ಅಷ್ಟು ಕರುಣೆ ತೋರಿಸಲ್ಲ.

ಮುಷ್ಟಿ ಕಟ್ಟಿ ಮುಖಕ್ಕೆ ಗುದ್ದು ಅನ್ನೋ ಗುರು ಸಿಕ್ಕಿದ್ರೆ ನಮಸ್ಕಾರ ಹೇಳಿ ಬಂದುಬಿಡು. ಬುರುಡೆಗೆ ಗುದ್ದಿದ್ರೆ ಕಿರುಬೆರಳ ಬುಡದ ಮೂಳೆ ಮುರಿಯುತ್ತೆ, ಡಾಕ್ಟರುಗಳು ಅದಕ್ಕೆ ಬಾಕ್ಸರ್ಸ್ ಫ್ರಾಕ್ಚರ್ ಅಂತಲೇ ಹೆಸರಿಟ್ಟಿದ್ದಾರೆ. ಅಂಗೈಯ ಬುಡ, ಮೊಣಕೈ, ಇವೆರಡು ಸಾಕು. ಕೈಗೆ ಮೊನಚು ಆಯುಧ ಹಾಕ್ಕೊಂಡು ಕಾದಾಡೋ ವಜ್ರಮುಷ್ಟೀನ ಜಟ್ಟಿಗಳಿಗೆ ಬಿಡೋಣ. ಅಲ್ಲೂ ವಿಜಯದಶಮಿ ದಿನ ಅರಮನೆ ಅಂಗಳದಲ್ಲಿ ಮೊದಲ ಹನಿ ರಕ್ತ ಕಂಡ ತಕ್ಷಣ ಕಾಳಗ ನಿಲ್ಲಿಸ್ತಾರೆ. ಬೀದೀಲಿ ನಿಲ್ಲಿಸೋರು ಯಾರು?

ಕೊನೇಬಸ್ · ಸೋಮವಾರ ಮಧ್ಯಾಹ್ನ

ನಾನು ಕಂಡಕ್ಟರ್. ನಮಗೆ ಯಾರೂ ಕರಾಟೆ ಕಲಿಸಿಲ್ಲ. ಆದ್ರೂ ದಿನಾ ಜಗಳ ಇಳಿಸಿ ಮನೆಗೆ ಬರ್ತೀವಿ. ನನಗೆ ಕಲಿಸಿದ್ದು ಹಳೇ ಡಿಪೋದ ಒಬ್ಬ ಸೀನಿಯರ್, ಈಗ ನಿವೃತ್ತರು. ಅವರ ಪಾಠ ಹೇಳ್ತೀನಿ, ಮೇಡಂ ಅವರ ಕೌಂಟರಿಗೂ ಹೊಂದತ್ತೆ ಅಂದ್ಕೊಂಡಿದೀನಿ.

ನಮ್ಮಲ್ಲಿ ಜಗಳ ಅಂದ್ರೆ ಚಿಲ್ಲರೆ. ಬಾಕಿ ಎಷ್ಟು ಅಂತ ಟಿಕೆಟ್ ಹಿಂದೆ ಬರೆದು ಕೊಡ್ತೀವಿ. ಒಬ್ಬ ಕೂಗ್ತಾನೆ: "ಏನೋ, ಎಲ್ಲ ನುಂಗಾಕ್ತೀಯಾ?" ಅಲ್ಲಿ ನಾನೂ "ಏನೋ" ಅಂದ್ರೆ ಚಿಲ್ಲರೆ ವಿಷಯ ಅಲ್ಲಿಗೆ ಮುಗೀತು, ಮಾನದ ವಿಷಯ ಶುರುವಾಯ್ತು. ಹತ್ತು ರೂಪಾಯಿ ಯಾರಾದ್ರೂ ಬಿಟ್ಟಾರು, ಮಾನ ಯಾರೂ ಬಿಡಲ್ಲ. ಅವನು ಏಕವಚನಕ್ಕೆ ಇಳಿದ್ರೂ ನಾವು ಬಹುವಚನ ಬಿಡಬಾರದು. ಹಾಗಂತ "ಸಾರ್" ಅನ್ನೋದನ್ನ ಹಲ್ಲು ಕಚ್ಚಿ ಅಂದ್ರೆ ಅದೂ ಬೈಗುಳನೇ, ಜನಕ್ಕೆ ಗೊತ್ತಾಗತ್ತೆ. ವಯಸ್ಸಾದೋರಾದ್ರೆ "ಯಜಮಾನ್ರೇ", ನಮ್ಮ ವಯಸ್ಸಿನೋರಾದ್ರೆ "ಅಣ್ಣಾ", ಹೆಂಗಸರಾದ್ರೆ "ಅಮ್ಮಾ, ಅಕ್ಕಾ". ಇಪ್ಪತ್ತರ ಹುಡುಗನಿಗೆ "ಅಣ್ಣಾ" ಅಂದ್ರೆ ಅಣಕ ಅನ್ಕೊಳ್ತಾನೆ, ಅವನಿಗೆ "ಬ್ರದರ್" ಸಾಕು.

ಇನ್ನೊಂದು, ಪ್ರೇಕ್ಷಕರು. ನಲವತ್ತು ಜನ ನೋಡ್ತಾ ಇದ್ರೆ ಯಾವ ಗಂಡಸೂ ಸೋಲೊಪ್ಪಲ್ಲ. ನಾನು ಹಿಂದಿನ ಬಾಗಿಲಿಂದ ಕೂಗಿ ಉತ್ತರ ಕೊಡಲ್ಲ. ಅವನ ಸೀಟಿನ ಹತ್ರ ಹೋಗಿ, ಕಂಬಿ ಹಿಡ್ಕೊಂಡು ಸ್ವಲ್ಪ ಬಗ್ಗಿ, ಅವನಿಗೊಬ್ಬನಿಗೇ ಕೇಳೋ ಹಾಗೆ ಮಾತಾಡ್ತೀನಿ. ನಾನು ಮೆಲ್ಲಗೆ ಮಾತಾಡಿದ್ರೆ ಕೇಳಿಸ್ಕೊಳ್ಳೋಕೆ ಅವನೂ ದನಿ ಇಳಿಸಲೇಬೇಕು.

"ಯಾವೂರು ನಿಮ್ದು?" ಅಂತ ಕೇಳಿ ನೋಡಿ. ಸಿಟ್ಟಲ್ಲಿ ಇರೋನೂ ಊರ ಹೆಸರು ಹೇಳೋಕೆ ಒಂದು ಉಸಿರು ತಗೊಳ್ತಾನೆ. ಆ ಉಸಿರಲ್ಲಿ ಅರ್ಧ ಕಾವು ಹೋಗತ್ತೆ.

ಕುಡಿದೋರಿಗೆ ಉಪದೇಶ ಮಾಡಬಾರದು. ಎರಡು ದಾರಿ ಕೊಡಬೇಕು, ಎರಡೂ ನಮಗೆ ಒಪ್ಪೋ ಹಾಗಿರಬೇಕು. "ಇಲ್ಲಿ ಕೂತ್ಕೊಂಡು ಬರ್ತೀರಾ, ಇಲ್ಲ ಮುಂದಿನ ಸ್ಟಾಪಲ್ಲಿ ಇಳಿದು ಹಿಂದಿನ ಬಸ್ಸಿಗೆ ಬರ್ತೀರಾ? ನೀವು ಹೇಳಿದ ಹಾಗೆ." ತೀರ್ಮಾನ ಅವನದು ಅಂತ ಅನ್ನಿಸಿದ್ರೆ ಸಾಕು. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದ ಮೇಲೆ ಸೀಟಿನ ಜಗಳ ಜಾಸ್ತಿ ಆಯ್ತು, ನಮ್ಮ ಬಾಯಿಗೂ ಪ್ರಾಕ್ಟೀಸ್ ಜಾಸ್ತಿ ಆಯ್ತು ಬಿಡಿ.

ಸೀದಾಸಾದಾ

@ಕೊನೇಬಸ್ ಚೆನ್ನಾಗಿ ಬರೆದಿದ್ದೀರಿ. ಆದ್ರೆ ಕತ್ತಲ ರೋಡಲ್ಲಿ ಚೈನ್‌ಗೆ ಕೈ ಹಾಕಿದೋನನ್ನ "ಯಾವೂರು ಅಣ್ಣಾ ನಿಮ್ದು" ಅಂತ ಕೇಳೋಕಾಗತ್ತಾ?

ನೈಟ್‌ಡ್ಯೂಟಿ · ಸೋಮವಾರ ರಾತ್ರಿ

ಸೀದಾಸಾದಾ ಅವರು ವ್ಯಂಗ್ಯವಾಗಿ ಕೇಳಿದ್ರೂ ಪ್ರಶ್ನೆ ಸರಿಯಾಗಿದೆ. ನಾನು ಮನೋರೋಗ ವಾರ್ಡಿನ ನರ್ಸ್. ನಮಗೆ ತರಬೇತಿ ಕೊಟ್ಟವರು ಮೊದಲ ದಿನ ಹೇಳಿದ್ದು ಇದನ್ನೇ: ಎದುರಿಗಿರೋರಿಗೆ ಏನು ಬೇಕು ಅಂತ ಮೊದಲು ನೋಡು. ಸಂಕಟಕ್ಕೋ ಅವಮಾನಕ್ಕೋ ಕೂಗಾಡ್ತಿರೋರಿಗೆ ಬೇಕಾಗಿರೋದು ಯಾರಾದ್ರೂ ಕೇಳಿಸ್ಕೊಳ್ಳೋದು. ಅವರ ಹತ್ರ ಮಾತು ನಡೆಯತ್ತೆ, ಏಟು ಎಲ್ಲ ಕೆಡಿಸತ್ತೆ. ವಸ್ತುವಿಗಾಗಿ ಬಂದಿರೋ ಕಳ್ಳನಿಗೆ ವಸ್ತು ಸಾಕು, ಕೊಟ್ಟುಬಿಡಿ, ಚೈನಿಗಿಂತ ಕುತ್ತಿಗೆ ಮುಖ್ಯ. ಇನ್ನು ನಿಮ್ಮನ್ನೇ ಬೇಟೆ ಅಂದುಕೊಂಡು ಬಂದೋನು ಇರ್ತಾನಲ್ಲ, ಎಲ್ಲರಿಂದ ದೂರ ಕರ್ಕೊಂಡು ಹೋಗೋಕೆ ನೋಡೋನು, ಅವನ ಹತ್ರ ಮಾತು ಬೆಳೆಸಿದಷ್ಟೂ ಅವನಿಗೇ ಅನುಕೂಲ. ಅಲ್ಲಿ ಕೂಗು, ಏಟು, ಓಟ, ಮೂರೂ ಒಟ್ಟಿಗೆ. ಒಂದಕ್ಕೆ ಹೇಳಿದ ಮದ್ದು ಇನ್ನೊಂದಕ್ಕೆ ಹಾಕೋದೇ ಈ ವರ್ಕ್‌ಶಾಪುಗಳ ದೊಡ್ಡ ತೊಂದರೆ.

ತುಂಗಾತೀರ, ನಿಮ್ಮ ಕೌಂಟರಿಗೆ ಬರೋರು ಹೆಚ್ಚಿನವರು ಮೊದಲ ಥರದವರು. ಅವರಿಗೆ "ಸಮಾಧಾನ ಮಾಡ್ಕೊಳ್ಳಿ" ಅನ್ನಬೇಡಿ. ಅದನ್ನ ಕೇಳಿ ಸಮಾಧಾನ ಆದವರನ್ನ ನಾನಂತೂ ಕಂಡಿಲ್ಲ. "ರೂಲ್ಸ್ ಇದೆ" ಅನ್ನೋದೂ ಬೇಡ. ನಮಗೆ ಜೋಡಿ ಜೋಡಿಯಾಗಿ ನಿಲ್ಲಿಸಿ, ಒಬ್ಬರು ನಿಜವಾಗಿ ಬೈದು, ಇನ್ನೊಬ್ಬರು ಉತ್ತರ ಕೊಡೋ ಹಾಗೆ ಅಭ್ಯಾಸ ಮಾಡಿಸಿದ್ರು. ನಗು ಬರ್ತಿತ್ತು ಮೊದಲು. ಆಮೇಲೆ ಟ್ರೈನರ್ ಒಬ್ಬರು ಮೇಜು ಗುದ್ದಿ ಕೂಗಿದಾಗ ಕೈ ನಡುಗಿ ಮಾತೇ ಹೊರಡಲಿಲ್ಲ ಒಬ್ಬ ಹುಡುಗಿಗೆ. ಅವರು ನಿಲ್ಲಿಸಿ, ನೀರು ಕೊಟ್ಟು, ಅದೇ ಸಾಲನ್ನ ಮತ್ತೆ ಹೇಳಿಸಿದ್ರು. ಅದು ತರಬೇತಿ.

ನಿಮ್ಮ ಸಂದರ್ಭಕ್ಕೆ ಒಂದು ಮಾದರಿ:

— ಏನ್ರೀ, ದುಡ್ಡು ಕಟ್ಟದಿದ್ರೆ ಸಾಯಿಸ್ಬಿಡ್ತೀರಾ?
— ಯಜಮಾನ್ರೇ, ಒಳಗಿರೋರು ನಿಮಗೆ ಏನಾಗ್ಬೇಕು?
— ತಮ್ಮ! ನನ್ನ ತಮ್ಮ!
— ತಮ್ಮನ ಹೆಸರು ಹೇಳಿ... ಹ್ಞಾಂ, ಸ್ಕ್ಯಾನಿಗೆ ಕರ್ಕೊಂಡು ಹೋಗಿದ್ದಾರೆ. ಡಾಕ್ಟರ್ ಹೊರಗೆ ಬಂದಾಗ ನಿಮ್ಮಲ್ಲಿ ಯಾರ ಹತ್ರ ಮಾತಾಡ್ಬೇಕು?

ಆ ಕೊನೇ ಪ್ರಶ್ನೆಯಲ್ಲೇ ಎಲ್ಲ ಇದೆ. ಹದಿನೈದು ಜನದ ಗುಂಪಿಂದ ಒಬ್ಬರು ಮುಂದೆ ಬರ್ತಾರೆ, ಅವರಿಗೆ ಒಂದು ಜವಾಬ್ದಾರಿ ಸಿಗತ್ತೆ, ಉಳಿದವರನ್ನ ಅವರೇ ಸುಮ್ಮನಿರಿಸ್ತಾರೆ. ಗೊತ್ತಿಲ್ಲದ್ದನ್ನ ಮಾತ್ರ ಹೇಳಬೇಡಿ. "ಏನೂ ಆಗಲ್ಲ" ಅಂತ ನೀವು ಅಂದು, ಬೆಳಗ್ಗೆ ಬೇರೆ ಸುದ್ದಿ ಬಂದ್ರೆ ಆ ಸಿಟ್ಟಿಗೆ ಮದ್ದಿಲ್ಲ.

ನಿಲ್ಲೋ ರೀತಿಗೂ ಪಾಠ ಇದೆ. ಎರಡು ತೋಳಿನಷ್ಟು ದೂರ, ನೇರ ಎದುರಿಗೆ ಅಲ್ಲ, ಸ್ವಲ್ಪ ಓರೆಯಾಗಿ, ಒಂದು ಕಾಲು ಹಿಂದೆ. ಅಂಗೈ ಬಿಚ್ಚಿ ಎದೆ ಮಟ್ಟದಲ್ಲಿ ಮುಂದಿಡಿ, "ಒಂದ್ ನಿಮಿಷ ಸ್ವಾಮಿ" ಅನ್ನುವಾಗ ನಾವು ತಾನಾಗಿಯೇ ಇಡೋ ಹಾಗೆ. ನೋಡೋರಿಗೆ ಬೇಡಿಕೊಳ್ಳೋ ಹಾಗಿರತ್ತೆ, ಏಟು ಬಂದ್ರೆ ತಡೆಯೋಕೆ ಕೈ ಆಗಲೇ ಮೇಲಿರತ್ತೆ. ಕೈ ಮುಗಿದು ನಿಂತ್ರೆ ಎರಡೂ ಕೈ ಸಿಕ್ಕಿಹಾಕಿಕೊಳ್ಳತ್ತೆ, ಅದು ಬೇಡ. ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಅವರಿಗೂ ಹೋಗೋಕೆ ದಾರಿ ಬೇಕು, ನಿಮಗೂ ಬೇಕು.

ಮಾತು ಸಾಕು ಅನ್ನೋ ಗಳಿಗೆಯೂ ಬರತ್ತೆ. ಕೂಗುತ್ತಿದ್ದವರು ಇದ್ದಕ್ಕಿದ್ದ ಹಾಗೆ ಸುಮ್ಮನಾಗಿ ಅತ್ತಿತ್ತ ನೋಡ್ತಾರೆ. ವಾಚು ಬಿಚ್ತಾರೆ, ತೋಳು ಮಡಿಸ್ತಾರೆ, ಪಂಚೆ ಎತ್ತಿ ಕಟ್ತಾರೆ. ಆವಾಗ ಇನ್ನೊಂದು ವಾಕ್ಯ ಸೇರಿಸಬೇಡಿ, ಜಾಗ ಬಿಡಿ.

ಗರಡಿಮನೆ

ಪಂಚೆ ಎತ್ತಿ ಕಟ್ಟೋದು! ಯಾವ ವಿದೇಶಿ ಕ್ಲಾಸಲ್ಲೂ ಹೇಳ್ಕೊಡಲ್ಲ ಇದನ್ನ. ನೂರಕ್ಕೆ ನೂರು ನಿಜ.

ನಿವೃತ್ತಖಾಕಿ

ಸಿಸ್ಟರ್ ಹೇಳಿದ್ದು ಸರಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಉಗ್ರರು ಇಸ್ರೇಲಿ ಆಟಗಾರರನ್ನು ಒತ್ತೆ ಇಟ್ಟುಕೊಂಡು ಕೊಂದ ದುರಂತ ಆದ ಮೇಲೆ ನ್ಯೂಯಾರ್ಕ್ ಪೊಲೀಸರು ಒತ್ತೆಯಾಳು ಪ್ರಕರಣಗಳಿಗೆ ಅಂತಲೇ ಮಾತುಕತೆ ತಂಡ ಕಟ್ಟಿದರು. ಅದನ್ನು ರೂಪಿಸಿದವರಲ್ಲಿ ಹಾರ್ವೆ ಶ್ಲಾಸ್‌ಬರ್ಗ್ ಪತ್ತೇದಾರರೂ ಹೌದು, ಮನಃಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರೂ ಹೌದು. ಅವರ ಇಡೀ ಪಾಠ ಒಂದೇ: ಅವಸರ ಮಾಡಬೇಡಿ, ಹೊತ್ತು ಕಳೆದಷ್ಟೂ ಕಾವು ಇಳಿಯುತ್ತದೆ. ನಮ್ಮ ಠಾಣೆಗಳಲ್ಲಿ ಹಳೇ ದಫೇದಾರರು ಇಬ್ಬರ ಜಗಳ ಬಂದರೆ ಮೊದಲು ಟೀ ತರಿಸುತ್ತಿದ್ದರು. ಅದೂ ಹೊತ್ತು ಕಳೆಯುವ ಉಪಾಯವೇ.

112ಕ್ಕೆ ಫೋನ್ ಮಾಡುವಾಗ ಮೊದಲು ಜಾಗ ಹೇಳಿ. ಆಮೇಲೆ ಏನಾಯ್ತು ಅಂತ. ಲೈನ್ ಕಟ್ ಆದರೂ ಗಾಡಿ ಎಲ್ಲಿಗೆ ಬರಬೇಕು ಅಂತ ತಿಳಿದಿರುತ್ತದೆ.

ಕ್ರಾವ್‌ಹುಡುಗ · ಮಂಗಳವಾರ

ಕುಸ್ತಿ, ಜೂಡೋ ಎಲ್ಲ ಸ್ಪೋರ್ಟ್ಸ್ ಬ್ರೋ. ರೂಲ್ಸ್ ಇರೋ ಆಟ. ಸ್ಟ್ರೀಟಲ್ಲಿ ಕೆಲಸ ಮಾಡೋದು ಇಸ್ರೇಲ್ ಆರ್ಮಿಯವರ ಸೆಲ್ಫ್ ಡಿಫೆನ್ಸ್ ವಿದ್ಯೆ, ಕ್ರಾವ್ ಮಗಾ. ಚಾಕು ಹಿಡಿದು ಬಂದ್ರೂ ಡಿಸಾರ್ಮ್ ಮಾಡೋದು ಹೇಳ್ಕೊಡ್ತಾರೆ ನಮ್ಮ ಕ್ಲಾಸಲ್ಲಿ.

ಗರಡಿಮನೆ

ಬ್ರೋ, ಕ್ರಾವ್ ಮಗಾ ಕಟ್ಟಿದ ಇಮಿ ಲಿಕ್ಟೆನ್‌ಫೆಲ್ಡ್ ಯಾರು ಗೊತ್ತಾ? ಬ್ರಾಟಿಸ್ಲಾವಾದಲ್ಲಿ ಬೆಳೆದ ಕುಸ್ತಿಪಟು, ಬಾಕ್ಸರ್. ಆಟದಲ್ಲಿ ಪಳಗಿದ ಮೈ ಇತ್ತು, ಅದಕ್ಕೇ 1930ರ ದಶಕದಲ್ಲಿ ಅಲ್ಲಿನ ಬೀದೀಲಿ ಯಹೂದಿಗಳ ಮೇಲೆ ಬೀಳ್ತಿದ್ದ ಗುಂಪುಗಳ ಎದುರು ನಿಂತ. ನಿಮ್ಮ ಕ್ಲಾಸು ಕೆಟ್ಟದು ಅಂತಿಲ್ಲ ನಾನು. ಪೂರ್ತಿ ಜೋರಲ್ಲಿ ಅಭ್ಯಾಸ ಮಾಡಿಸಿದ್ರೆ ಯಾವ ಹೆಸರಾದ್ರೇನು.

ಆದ್ರೆ ಚಾಕು ವಿಷಯದಲ್ಲಿ ಹುಡುಗರಿಗೆ ಸುಳ್ಳು ಧೈರ್ಯ ತುಂಬಬೇಡಿ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟುಲ್ಲರ್ 1983ರಲ್ಲಿ ಬರೆದಿಟ್ಟಿದ್ದಾನೆ: ಚಾಕು ಹಿಡಿದೋನು 21 ಅಡಿ ದೂರವನ್ನ ಹೆಚ್ಚುಕಮ್ಮಿ ಒಂದೂವರೆ ಸೆಕೆಂಡಲ್ಲಿ ದಾಟ್ತಾನೆ. ಸೊಂಟದ ಬಂದೂಕು ತೆಗೆಯೋಕೇ ಅಷ್ಟು ಹೊತ್ತು ಬೇಕು. ನಾನು ಕ್ಲಾಸಲ್ಲಿ ಒಂದು ಆಟ ಆಡಿಸ್ತೀನಿ. ಬಿಳಿ ಟೀ ಶರ್ಟ್ ಹಾಕ್ಕೊಂಡು ಬನ್ನಿ ಅಂತೀನಿ, ಎದುರಾಳಿ ಕೈಗೆ ಕೆಂಪು ಮಾರ್ಕರ್ ಪೆನ್ನು ಕೊಡ್ತೀನಿ. ಡಿಸಾರ್ಮ್ ಕಲಿತ ಶೂರರೆಲ್ಲ ಮುಗಿಯೋ ಹೊತ್ತಿಗೆ ಹೊಟ್ಟೆ, ಮುಂಗೈ, ಕುತ್ತಿಗೆ ತುಂಬ ಕೆಂಪು ಗೆರೆ. ನಿಮ್ಮ ಕ್ಲಾಸಲ್ಲೂ ಮಾಡಿಸಿ ನೋಡಿ.

ಕ್ರಾವ್‌ಹುಡುಗ

ಮಾರ್ಕರ್ ಐಡಿಯಾ ಮಸ್ತ್ ಆಗಿದೆ ಸಾರ್. ಶನಿವಾರ ಕೇಳ್ತೀನಿ ನಮ್ಮ ಕೋಚನ್ನ.

ಮೇಷ್ಟ್ರು_ಹೈಸ್ಕೂಲ್

ಸರ್ಕಾರಿ ಶಾಲೆಗಳಲ್ಲೂ ಇದು ಇದೆ. ಸಮಗ್ರ ಶಿಕ್ಷಣದಡಿ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ ಅಂತ, 6ರಿಂದ 12ನೇ ತರಗತಿ ಹೆಣ್ಣುಮಕ್ಕಳಿಗೆ 3 ತಿಂಗಳು. ಒಳ್ಳೆ ತರಬೇತುದಾರರು ಬಂದ ವರ್ಷ ಮಕ್ಕಳ ನಡಿಗೆಯೇ ಬದಲಾಗುತ್ತೆ. ಉಳಿದ ವರ್ಷ ವಾರ್ಷಿಕೋತ್ಸವಕ್ಕೆ ಹೆಂಚು ಒಡೆಯುವ ಪ್ರದರ್ಶನ, ಮುಖ್ಯ ಅತಿಥಿಗಳ ಚಪ್ಪಾಳೆ. ಒಮ್ಮೆ ಒಂಬತ್ತನೇ ತರಗತಿ ಹುಡುಗಿ ಹೆಂಚು ಒಡೆದು ಬಂದು ನಮ್ಮ ಮೇಡಂ ಹತ್ತಿರ ಕೇಳಿದಳಂತೆ: "ಮಿಸ್, ಟ್ಯೂಷನ್ ಹತ್ರ ನಿಂತ್ಕೊಳ್ಳೋನಿಗೆ ಏನಂತ ಹೇಳ್ಲಿ?" ತುಂಗಾತೀರ ಅವರು ಕೇಳಿದ್ದೂ ಇದೇ ಅಲ್ಲವೇ.

ಕ್ಯಾಲ್ಗರಿಚಳಿ · ಮಂಗಳವಾರ ತಡರಾತ್ರಿ

ಮೇಷ್ಟ್ರ ಮಾತು ಓದಿ ಬರೀಬೇಕು ಅನ್ನಿಸಿತು. ಹಾಸನದವಳು, ಈಗ ಕೆನಡಾದಲ್ಲಿ ಓದ್ತಾ ಇದೀನಿ. ಇಲ್ಲಿ ವಿಶ್ವವಿದ್ಯಾಲಯದ ಹುಡುಗಿಯರಿಗೆ ಅಂತ ಒಂದು ತರಬೇತಿ ಇದೆ, ವಿಂಡ್ಸರ್ ವಿಶ್ವವಿದ್ಯಾಲಯದ ಶಾರ್ಲಿನ್ ಸೆನ್ ರೂಪಿಸಿದ್ದು. 3 ಗಂಟೆಯ ನಾಲ್ಕು ಭಾಗ, ಒಟ್ಟು 12 ಗಂಟೆ. ಇದನ್ನ ಮೂರು ವಿಶ್ವವಿದ್ಯಾಲಯಗಳ 893 ಮೊದಲ ವರ್ಷದ ವಿದ್ಯಾರ್ಥಿನಿಯರ ಮೇಲೆ ಪರೀಕ್ಷಿಸಿ 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ್ರು. ಬರೀ ಕರಪತ್ರ ಪಡೆದ ಗುಂಪಿನಲ್ಲಿ ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರು ನೂರಕ್ಕೆ 9.8. ತರಬೇತಿ ಪಡೆದವರಲ್ಲಿ 5.2. ಸೆಲ್ಫ್ ಡಿಫೆನ್ಸ್ ಎಲ್ಲ ಬಿಸಿನೆಸ್ ಅನ್ನೋರು ಈ ಅಂಕಿ ನೋಡಬೇಕು.

ನನಗೆ ಆಶ್ಚರ್ಯ ಆಗಿದ್ದು ಮೊದಲ ದಿನ ಏಟು ಒದೆ ಏನೂ ಇರಲಿಲ್ಲ. ಪೊದೆ ಹಿಂದಿನ ಅಪರಿಚಿತನ ಮಾತೇ ಬರಲಿಲ್ಲ. ಹೆಚ್ಚು ಸಲ ಕೈ ಹಾಕೋನು ಪರಿಚಿತನೇ. ಸೀನಿಯರ್, ಅಣ್ಣನ ಫ್ರೆಂಡು, ಮನೆಗೆ ಬಂದು ಹೋಗೋರು. ನನ್ನ ಮೈಗೆ ಏಟು ಹಾಕೋ ಶಕ್ತಿ ಇದ್ರೂ ಅಂಥವರ ಮೇಲೆ ಕೈ ಎತ್ತೋಕೆ, ಅಷ್ಟೇ ಯಾಕೆ, ದನಿ ಎತ್ತೋಕೂ ಮನಸ್ಸು ಬರಲ್ಲ. "ಏನಂದ್ಕೋತಾರೋ" ಅನ್ನೋದೇ ಮೊದಲ ಸಂಕೋಲೆ. ಅದನ್ನ ಬಿಚ್ಚೋಕೆ ಅರ್ಧಕ್ಕಿಂತ ಹೆಚ್ಚು ಹೊತ್ತು ಕೊಟ್ರು. ನಗದೆ, ಕಾರಣ ಕೊಡದೆ, ಕ್ಷಮಿಸಿ ಅನ್ನದೆ "ಬೇಡ" ಅನ್ನೋದು. ಕಾರಣ ಕೊಟ್ರೆ ಅವನು ಕಾರಣದ ಜೊತೆ ವಾದ ಮಾಡ್ತಾನೆ. ನಾನು ಇಂಗ್ಲಿಷಲ್ಲಿ ಚೆನ್ನಾಗಿ ಹೇಳ್ತಿದ್ದೆ. ರೂಮಿಗೆ ಬಂದು ಕನ್ನಡದಲ್ಲಿ ಹೇಳಿ ನೋಡಿದ್ರೆ ಪ್ರತಿ ಸಲ "ಬೇಡ ಪ್ಲೀಸ್" ಅಂತಲೇ ಬರ್ತಿತ್ತು. ನೀವು ಯಾವ ಭಾಷೆಯಲ್ಲಿ ಹೆದರ್ತೀರೋ ಆ ಭಾಷೆಯಲ್ಲೇ ಅಭ್ಯಾಸ ಮಾಡಿಸೋ ಗುರುನ ಹುಡುಕಿ.

ಸೀದಾಸಾದಾ

ಅಂಕಿ ಒಪ್ಪಿದೆ. ಆದ್ರೂ ಹೆಣ್ಣುಮಕ್ಕಳು ರಾತ್ರಿ ಹೊತ್ತು ಸ್ವಲ್ಪ ಹುಷಾರಾಗಿದ್ರೆ ಇದೆಲ್ಲ ಬೇಕಾಗಲ್ಲ ಅಂತ ನನ್ನ ಅನಿಸಿಕೆ.

ಕ್ಯಾಲ್ಗರಿಚಳಿ

ತುಂಗಾತೀರ ರಾತ್ರಿ ಇರೋದು ಡ್ಯೂಟಿ ಮೇಲೆ. ಆಸ್ಪತ್ರೆ ರಾತ್ರಿ ಬಾಗಿಲು ಹಾಕತ್ತಾ?

ಕೊನೇಬಸ್

ಬಸ್ಸಲ್ಲಿ ಮೈ ಮುಟ್ಟೋರ ವಿಷಯಕ್ಕೆ ಒಂದು ಮಾತು ಸೇರಿಸ್ತೀನಿ. ಹೆಣ್ಣುಮಕ್ಕಳು "ಏನ್ರೀ ಇದು" ಅಂತ ಕೂಗಿದ್ರೆ ಯಾರಿಗೆ ಅಂದಿದ್ದು ಅಂತ ಗೊತ್ತಾಗಲ್ಲ, ಎಲ್ಲರೂ ಕಿಟಕಿ ಕಡೆ ನೋಡ್ತಾರೆ. "ನೀಲಿ ಶರ್ಟ್, ಕೈ ತೆಗಿ! ಕಂಡಕ್ಟರ್, ಲೈಟ್ ಹಾಕಿ!" ಅನ್ನಬೇಕು. ಗುರುತು, ಮಾಡಿದ ಕೆಲಸ, ಸಹಾಯ ಮಾಡಬೇಕಾದೋನ ಹೆಸರು. ಆವಾಗ ನಾನು ಬಂದೇ ಬರಬೇಕು, ತಪ್ಪಿಸ್ಕೊಳ್ಳೋಕೆ ಆಗಲ್ಲ. ಮೇಲೆ ನಾನು ಬಹುವಚನ ಬಿಡಬಾರದು ಅಂದೆನಲ್ಲ, ಅದು ಇಲ್ಲಿಗೆ ಅನ್ವಯಿಸಲ್ಲ.

ಹೊಸಬ_99

ಪೆಪ್ಪರ್ ಸ್ಪ್ರೇ ಇಟ್ಕೊಂಡ್ರೆ ಇದೆಲ್ಲ ರಗಳೆ ಇಲ್ವಲ್ಲ?

ವಕೀಲೆ_ಧಾರವಾಡ · ಬುಧವಾರ

ಇಟ್ಕೊಳ್ಳಿಕ್ಕೆ ಏನೂ ಅಡ್ಡಿ ಇಲ್ರಿ. ಯಾವಾಗ ಹೊಡೀತೀರಿ ಅನ್ನೋದು ಪ್ರಶ್ನೆ. 2024ರಾಗ ನಮ್ಮ ಹೈಕೋರ್ಟ್ ಒಂದು ಪ್ರಕರಣದಾಗ ಪೆಪ್ಪರ್ ಸ್ಪ್ರೇ ಅಪಾಯಕಾರಿ ಆಯುಧ ಅಂತ ಹೇಳಿ, ಬಳಸಿದವರ ಮ್ಯಾಲಿನ ಕೇಸು ರದ್ದು ಮಾಡ್ಲಿಕ್ಕೆ ಒಪ್ಪಲಿಲ್ಲ. ಅಲ್ಲಿ ಜೀವಕ್ಕ ತಕ್ಷಣದ ಅಪಾಯ ಕಾಣಲಿಲ್ಲ ಕೋರ್ಟಿಗೆ. ಮುಚ್ಚಿದ ಆಸ್ಪತ್ರೆಯೊಳಗ ಹೊಡೆದ್ರ ಉಸಿರಾಟದ ರೋಗಿಗಳ ಗತಿ ಏನು, ಅದನ್ನೂ ವಿಚಾರ ಮಾಡ್ರಿ. ವಿಮಾನದಾಗಂತೂ ಒಯ್ಯಂಗಿಲ್ಲ.

ಕಾನೂನು ಏನಂತದ ಅಂದ್ರ: 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯೊಳಗ ಅದ. ಖಾಸಗಿ ರಕ್ಷಣೆಯ ಹಕ್ಕು 34ರಿಂದ 44ನೇ ಕಲಂ. ನಿಮ್ಮ ಮೈ ಅಷ್ಟೇ ಅಲ್ಲ, ಬಾಜೂ ನಿಂತವರ ಮೈ ಉಳಿಸ್ಲಿಕ್ಕೂ ಹಕ್ಕು ಅದ. ಎದುರಿನವ ಮಾನಸಿಕ ಅಸ್ವಸ್ಥ ಇದ್ರೂ ಹಕ್ಕು ಹೋಗಂಗಿಲ್ಲ, 36ನೇ ಕಲಂ ನೋಡ್ರಿ. ಅತ್ಯಾಚಾರ, ಅಪಹರಣ, ಆಸಿಡ್ ದಾಳಿಯಂಥ ಪ್ರಸಂಗದಾಗ 38ನೇ ಕಲಂ ಪ್ರಕಾರ ಪ್ರಾಣ ತೆಗೆಯೋ ಮಟ ಈ ಹಕ್ಕು ಹೋಗ್ತದ. ಆದ್ರ 37ನೇ ಕಲಂ ಲಗಾಮು ಹಾಕ್ತದ: ಬೇಕಾದದ್ದಕ್ಕಿಂತ ಹೆಚ್ಚು ಪೆಟ್ಟು ಕೊಡಂಗಿಲ್ಲ, ಪೊಲೀಸರ ನೆರವು ಪಡೀಲಿಕ್ಕೆ ಹೊತ್ತಿದ್ರ ಈ ಹಕ್ಕು ಹುಟ್ಟಂಗಿಲ್ಲ. ಅವ ಬಿದ್ದ ಮ್ಯಾಲ, ಓಡಿದ ಮ್ಯಾಲ ಹೊಡೆದ್ರ ಅದು ರಕ್ಷಣೆ ಅಲ್ಲ, ಹಲ್ಲೆ. ಒಳ್ಳೆ ಗುರು ಇದನ್ನ ಹೇಳ್ಬೇಕು. ಹೊಡೆಯೋದು ಕಲಿಸಿ ನಿಲ್ಲಿಸೋದು ಕಲಿಸದವರ ಶಿಷ್ಯರು ಆಮ್ಯಾಲ ನನ್ನ ಆಫೀಸಿಗೆ ಬರ್ತಾರ.

ಇನ್ನ ತುಂಗಾತೀರ ಅವರಿಗೆ ಒಂದು ಮಾತು, ಕಹಿ ಅನ್ನಸ್ಬಹುದು. ಅಪಘಾತದ ಗಾಯಾಳುವಿಗೆ ಮೊದಲು ಚಿಕಿತ್ಸೆ, ಉಳಿದದ್ದು ಆಮ್ಯಾಲ ಅಂತ ಸುಪ್ರೀಂ ಕೋರ್ಟ್ 1989ರಾಗ ಹೇಳ್ಯದ. ನಮ್ಮ ರಾಜ್ಯದಾಗ ಖಾಸಗಿ ಆಸ್ಪತ್ರೆಗಳಿಗೆ ಇರೋ ಕೆಪಿಎಂಇ ಕಾಯ್ದೆಗೆ 2017ರಾಗ ತಿದ್ದುಪಡಿ ಬಂತು. ಅದರ ಪ್ರಕಾರ ತುರ್ತು ಸ್ಥಿತಿಯೊಳಗ ಅಡ್ವಾನ್ಸ್ ಕಟ್ಟಿದ್ರನ ಚಿಕಿತ್ಸೆ ಅಂತ ಖಾಸಗಿ ಆಸ್ಪತ್ರೆ ಪಟ್ಟು ಹಿಡಿಯಂಗಿಲ್ಲ. ನಿಮ್ಮ ಬಾಯಿಂದ ನಿಮ್ಮ ಮ್ಯಾನೇಜ್‌ಮೆಂಟ್ ಹೇಳಸ್ತಿರೋ ಆ ಮಾತೇ ಸರಿ ಇಲ್ಲ. ಹತ್ತು ನಿಮಿಷದ ಕೂಗಾಟ ಅಲ್ಲಿಂದನ ಹುಟ್ಟತದ.

ತುಂಗಾತೀರ · ಬುಧವಾರ ರಾತ್ರಿ

ಮೇಡಂ, ಕಹಿ ಏನಿಲ್ಲ. ನಮಗೂ ಒಳಗೊಳಗೆ ಗೊತ್ತು. ಸಂಬಳಕ್ಕೆ ಇರೋರು ನಾವು, ಎದುರು ಮಾತಾಡೋದು ಹೇಗೆ?

ನೈಟ್‌ಡ್ಯೂಟಿ

ನೀವೊಬ್ಬರೇ ಮಾತಾಡಬೇಡಿ. ನೈಟ್ ನರ್ಸುಗಳು, ಸೆಕ್ಯುರಿಟಿ, ಡ್ಯೂಟಿ ಡಾಕ್ಟರ್, ಎಲ್ಲರೂ ಏಟು ತಿನ್ನೋರೇ. ಎಲ್ಲರ ಸಹಿ ಹಾಕಿ ಬರೆದು ಕೊಡಿ: ತುರ್ತು ಕೇಸಿಗೆ ಮೊದಲ ಒಂದು ಗಂಟೆ ದುಡ್ಡಿನ ಮಾತು ಬೇಡ, ಮನೆಯವರಿಗೆ ಪ್ರತಿ ಅರ್ಧ ಗಂಟೆಗೆ ಒಬ್ಬರು ಹೊರಗೆ ಬಂದು ಸುದ್ದಿ ಹೇಳಲಿ. ಸುದ್ದಿ ಸಿಗದೆ ಇರೋದಕ್ಕೇ ಜನ ಹೆಚ್ಚು ಕೆರಳೋದು, ಬಿಲ್ಲಿಗಲ್ಲ. ಜೊತೆಗೆ ಕೌಂಟರ್ ಹಿಂದೆ ಬಾಗಿಲಿಲ್ಲದಿದ್ರೆ ಅದನ್ನೂ ಬರೀರಿ.

ತುಂಗಾತೀರ · ಮುಂದಿನ ಭಾನುವಾರ

ಒಂದು ಕ್ಲಾಸಿಗೆ ಹೋಗಿ ಕೂತು ನೋಡಿ ಬಂದೆ. ಕಲಿಸೋರು ಐವತ್ತು ದಾಟಿದ ಹೆಂಗಸು, ಮೊದಲು ಜೂಡೋ ಆಡ್ತಿದ್ದರಂತೆ. ಮೊದಲ ಅರ್ಧ ಗಂಟೆ ಬೀಳೋದು, ಬರೀ ಬೀಳೋದು. ಆಮೇಲೆ ಇಬ್ಬರನ್ನ ನಿಲ್ಲಿಸಿ ಒಬ್ಬಳಿಗೆ ಬೈಯೋಕೆ ಹೇಳಿದ್ರು, ಅಪ್ಪಟ ಶಿವಮೊಗ್ಗ ಬೈಗುಳ! ಇನ್ನೊಬ್ಬಳು ಕೈ ಬಿಚ್ಚಿ ಹಿಡಿದು ಉತ್ತರ ಕೊಡ್ತಾ ಕೊಡ್ತಾ ಹಿಂದೆ ಸರೀಬೇಕು, ಅವಳು ಹತ್ರ ಬಂದು ತಳ್ಳಿದ್ರೆ ಮಾತು ಅರ್ಧಕ್ಕೆ ನಿಲ್ಲಿಸಿ ಅಂಗೈಯಲ್ಲಿ ಪ್ಯಾಡಿಗೆ ಹೊಡೆದು ಬಾಗಿಲ ಕಡೆ ಓಡ್ಬೇಕು. ಬಾಗಿಲು ಮುಟ್ಟಿದ ಮೇಲೆ "112, ಇಂಥ ಜಾಗ" ಅಂತ ಜೋರಾಗಿ ಹೇಳ್ಬೇಕು. ನಾನು ಚಾಕು ವಿಷಯ ಕೇಳಿದೆ. "ಅದು ನನಗೆ ಕಲಿಸೋಕೆ ಬರಲ್ಲಮ್ಮ, ಓಡು" ಅಂದ್ರು. ಅಲ್ಲೇ ಹೆಸರು ಕೊಟ್ಟೆ.

ಪತ್ರಕ್ಕೆ ಹನ್ನೊಂದು ಜನ ಸಹಿ ಹಾಕಿದ್ದಾರೆ, ಸೆಕ್ಯುರಿಟಿ ಅಣ್ಣನೂ ಸೇರಿ. ಸೋಮವಾರ ಕೊಡ್ತೀವಿ. ವಕೀಲೆ ಮೇಡಂ, ಇನ್ನೊಂದು ಪ್ರಶ್ನೆ: ನಾಳೆ ನಿಜವಾಗಿ ಏನಾದ್ರೂ ಆದ್ರೆ, ಶಿಫ್ಟ್ ಬಿಟ್ಟು ಠಾಣೆಗೆ ಹೋಗೋಕೆ ಆಗದಿದ್ರೆ?

ವಕೀಲೆ_ಧಾರವಾಡ

ಛಲೋ ಆತು, ಸೇರ್ಕೊಳ್ರಿ. ದೂರು ಎಲೆಕ್ಟ್ರಾನಿಕ್ ರೂಪದಾಗ ಕಳಿಸ್ಲಿಕ್ಕೆ ಹೊಸ ಕಾನೂನಿನೊಳಗ ಅವಕಾಶ ಅದ, ಬಿಎನ್‌ಎಸ್‌ಎಸ್ (ಅಂದ್ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173ನೇ ಕಲಂ. 3 ದಿನದೊಳಗ ಹೋಗಿ ಸಹಿ ಮಾಡ್ಬೇಕು. ಯಾವ ಠಾಣೆಯ ಹದ್ದಿ ಅಂತ ತಲಿ ಕೆಡಿಸ್ಕೋಬ್ಯಾಡ್ರಿ, ಯಾವ ಠಾಣೆಯಾಗ ಕೊಟ್ರೂ ತಗೋಬೇಕು. ಅವತ್ತೇ ರಾತ್ರಿ ಇನ್ನೆರಡು ಕೆಲಸ ಮಾಡ್ರಿ. ಏನಾತು ಅಂತ ಹಾಳಿ ಮ್ಯಾಲ ಬರ್ಕೊಳ್ರಿ, ಗಾಬರಿಯೊಳಗ ಕಂಡದ್ದು ಬೆಳಗಾಗೋದ್ರಾಗ ಕಲಸಿ ಹೋಗ್ತದ. ಸಿಸಿಟಿವಿ ದೃಶ್ಯ ತೆಗೆದಿಡ್ರಿ ಅಂತ ಆಫೀಸಿಗೆ ಲಿಖಿತ ಕೊಟ್ಟು ಪ್ರತಿ ಮ್ಯಾಲ ಸೀಲು ಹಾಕಿಸ್ಕೊಳ್ರಿ. ಡಿವಿಆರ್ ತುಂಬಿದ ಮ್ಯಾಲ ಹಳೇದರ ಮ್ಯಾಲ ಹೊಸದು ಬರ್ಕೋತ ಹೋಗ್ತದ, ಆಮ್ಯಾಲ ಕೇಳಿದ್ರ ಇರಂಗಿಲ್ಲ.

ಹೊಸಬ_99

ಆ ಜೂಡೋ ಮೇಡಂ ಗಂಡುಮಕ್ಕಳಿಗೂ ಕಲಿಸ್ತಾರಾ?

ತುಂಗಾತೀರ

ಭಾನುವಾರ ಬೆಳಗ್ಗೆ ಬ್ಯಾಚ್ ಇದೆ ಅಂದ್ರು. ಮೊದಲ ತಿಂಗಳು ಬರೀ ಬೀಳೋದೇ ಇರತ್ತೆ, ಆಮೇಲೆ ಬೇಜಾರು ಮಾಡ್ಕೋಬೇಡಿ. ವಿವರ ಮೆಸೇಜ್ ಮಾಡ್ತೀನಿ, ಇಲ್ಲಿ ಹಾಕಿದ್ರೆ ನಿರ್ವಾಹಕರು ಅಳಿಸ್ತಾರೆ.